ನಿಮ್ಮ ಇಲಾಖೆಯ ಮೊದಲ ಮುಖ್ಯಸ್ಥರು ಬಿಟ್ಟುಹೋದ ಪಟ್ಟಿ: ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು,
ಗಣಿ ಮತ್ತು ಭೂವಿಜ್ಞಾನ ಇಲಾಖೆ,
ಖನಿಜ ಭವನ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ಪತ್ರ ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಕಲ್ಲು ಗಣಿಗೆ ಗುತ್ತಿಗೆ ಕೊಡುವ ಮೊದಲು ಆ ಸರ್ವೆ ನಂಬರಿನಲ್ಲಿ ಶಿಲಾಯುಗದ ನೆಲೆ ಏನಾದರೂ ಇದೆಯಾ ಎಂದು ಕಡ್ಡಾಯವಾಗಿ ನೋಡುವಂತೆ ಮಾಡಿ. ಕೇಳುತ್ತಿರುವುದು ಇಷ್ಟೇ. ಇದಕ್ಕೆ ಬೇಕಾದ ಮೊದಲ ಪಟ್ಟಿಯನ್ನು ಹೊಸದಾಗಿ ಯಾರೂ ಬರೆಯಬೇಕಿಲ್ಲ. ನಿಮ್ಮ ಇಲಾಖೆಯ ಮೊದಲ ಮುಖ್ಯಸ್ಥರೇ ಬರೆದಿಟ್ಟು ಹೋಗಿದ್ದಾರೆ.

ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದನ್ನು ಕಟ್ಟಿ ನಿಲ್ಲಿಸಲು ಕರೆಸಿದ್ದು ಇವರನ್ನು. ಆಗ ಅವರಿಗೆ 60ರ ಆಸುಪಾಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಮೂರು ದಶಕಕ್ಕೂ ಜಾಸ್ತಿ ದುಡಿದು 1891ರಲ್ಲಿ ನಿವೃತ್ತರಾಗಿದ್ದರು. ಬರೋಡಾ ಸಂಸ್ಥಾನಕ್ಕೂ ಕೆಲಸ ಮಾಡಿಕೊಟ್ಟಿದ್ದರು. ನೀವು ಕೂತಿರುವ ಕುರ್ಚಿಯ ವಂಶಾವಳಿ ಬರೆದರೆ ಮೊದಲ ಹೆಸರು ಅವರದೇ.

ಪುರಾತತ್ವದ ಪುಸ್ತಕ ತೆರೆದರೂ ಅದೇ ಹೆಸರು ಸಿಗುತ್ತದೆ. ಅಲ್ಲಿ ಮಾತ್ರ ಬೇರೆ ಬಿರುದು: ಭಾರತದ ಪ್ರಾಗಿತಿಹಾಸದ, ಅಂದರೆ ಬರವಣಿಗೆಗೂ ಹಿಂದಿನ ಕಾಲದ ಅಧ್ಯಯನದ ಪಿತಾಮಹ. ಭೂವಿಜ್ಞಾನಿ ಫೂಟ್ ಒಂದು ಕಪಾಟಿನಲ್ಲಿ, ಪುರಾತತ್ವದ ಫೂಟ್ ಇನ್ನೊಂದು ಕಪಾಟಿನಲ್ಲಿ. ನನ್ನ ತಕರಾರು ಇರುವುದು ಇಲ್ಲೇ. ಆ ಮನುಷ್ಯ ಬದುಕಿದ್ದಾಗ ಈ ಎರಡು ಕೆಲಸವನ್ನೂ ಒಂದೇ ನಡಿಗೆಯಲ್ಲಿ ಮಾಡಿದರು. ನಾವು ಅವರನ್ನು ಎರಡು ಇಲಾಖೆಗೆ ಹಂಚಿಬಿಟ್ಟೆವು.

1863ರ ಮೇ 30ರಂದು ನಡೆದದ್ದನ್ನು ನೋಡಿ. ಮದ್ರಾಸಿನ ಪಕ್ಕದ ಪಲ್ಲಾವರಂನಲ್ಲಿ ಸೇನೆಯ ಪರೇಡ್ ಮೈದಾನದ ಹತ್ತಿರ ಜಲ್ಲಿಗಾಗಿ ತೋಡಿದ ಒಂದು ಗುಂಡಿ ಇತ್ತು. ಜಂಬಿಟ್ಟಿಗೆ ನೆಲ. ಗುಂಡಿಯಿಂದ ಎತ್ತಿ ಹಾಕಿದ ಕಲ್ಲುಗಳ ನಡುವೆ ಒಂದು ಕಲ್ಲು ಫೂಟ್ ಕಣ್ಣಿಗೆ ಬಿತ್ತು. ಅದನ್ನು ಯಾರೋ ಬೇಕೆಂದೇ ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದಿದ್ದರು. ಫ್ರಾನ್ಸಿನ ಸೊಮ್ ನದಿಯ ದಂಡೆಯಲ್ಲಿ ಇಂಥ ಕೈಗೊಡಲಿಗಳು ಸಿಕ್ಕಿ, ಅವು ಮನುಷ್ಯರೇ ಮಾಡಿದ್ದು ಎಂದು ಇಂಗ್ಲೆಂಡಿನ ವಿದ್ವಾಂಸರು 1859ರಲ್ಲಿ ಒಪ್ಪಿಕೊಂಡಿದ್ದರು. ಆ ಸುದ್ದಿಯನ್ನು ಓದಿದ್ದ ಫೂಟ್‌ಗೆ ಕಲ್ಲು ಕೈಗೆ ಬಂದಾಗ ಅದೇನೆಂದು ಗೊತ್ತಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂ ಎಂಬಲ್ಲಿ ರಾಶಿ ರಾಶಿ ಸಿಕ್ಕವು. ಭಾರತದಲ್ಲೂ ಹಳೆ ಶಿಲಾಯುಗ ಇತ್ತು ಎನ್ನುವುದು ಹೀಗೆ ಖಚಿತವಾಯಿತು.

ಗಮನಿಸಿ, ಆ ಮೊದಲ ಕಲ್ಲು ಸಿಕ್ಕಿದ್ದು ಜಲ್ಲಿ ಗುಂಡಿಯಲ್ಲಿ. ಹಾಗಾಗಿ ಗಣಿ ಎಂದರೆ ಪುರಾತತ್ವಕ್ಕೆ ಶತ್ರು ಎಂದು ನಾನು ಹೇಳಲು ಹೊರಟಿಲ್ಲ. ಗುಂಡಿ ತೋಡಿದ ಜಾಗಕ್ಕೆ ನೋಡಬಲ್ಲ ಒಬ್ಬರು ಹೋಗಿ ನಿಂತರು, ಅಷ್ಟೇ. ನಿಂತ ಆ ಒಬ್ಬರು ಭೂವಿಜ್ಞಾನಿ ಎನ್ನುವುದು ಮುಖ್ಯ. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1861ರಲ್ಲೇ ಸರ್ಕಾರದ ಪುರಾತತ್ವ ಸರ್ವೇಕ್ಷಕರಾಗಿದ್ದರು. ಆದರೆ ಅವರ ಗಮನವೆಲ್ಲ ಸ್ತೂಪ, ನಾಣ್ಯ, ಶಾಸನಗಳ ಮೇಲಿತ್ತು. ಬರವಣಿಗೆ ಇಲ್ಲದ ಕಾಲದ ಮನುಷ್ಯರನ್ನು ಹುಡುಕುವ ಕೆಲಸವನ್ನು ಫೂಟ್‌ಗೆ ಯಾರೂ ಒಪ್ಪಿಸಿರಲಿಲ್ಲ. ಅದು ಅವರ ಸಂಬಳದ ಕೆಲಸವೂ ಅಲ್ಲ. ಬಂಡೆ, ನದಿ ಮೆಕ್ಕಲು, ಜಲ್ಲಿ ಪದರ ನೋಡುವುದು ನೌಕರಿ. ಆ ಪದರದೊಳಗೆ ಮನುಷ್ಯರು ಸಿಕ್ಕರು.

ಆಮೇಲೆ ಅವರು ನಿಲ್ಲಲಿಲ್ಲ. ಮಲಪ್ರಭಾ, ಘಟಪ್ರಭಾ ಬಯಲಿನಲ್ಲಿ ಭೂಪದರದ ನಕ್ಷೆ ಮಾಡುತ್ತಾ ಕಲ್ಲಿನ ಆಯುಧ ಗುರುತಿಸಿದರು. ಆ ವರದಿ 1876ರಲ್ಲಿ ಬಂತು. 1884ರಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆದರು, ಜೊತೆಗೆ ಅವರ ಮಗ. 1887ರ ಹೊತ್ತಿಗೆ ಚಿನ್ನದ ಬಂಡೆ ಹುಡುಕಿಕೊಂಡು ಮೈಸೂರು ಸಂಸ್ಥಾನದ ಉದ್ದಗಲ ಸುತ್ತಿದರು. ಕೋಲಾರ, ಹಟ್ಟಿಯ ಚಿನ್ನ ಇರುವ ಬಂಡೆಗಳ ಗುಂಪಿಗೆ ಧಾರವಾಡದ ಹೆಸರಿಟ್ಟವರು ಅವರೇ. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳು ಧಾರವಾಡ ಶಿಲೆ ಎಂದೇ ಬರೆಯುತ್ತಾರೆ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ನಿಮ್ಮಲ್ಲಿ ಹೊಸದಾಗಿ ಸೇರಿದ ಭೂವಿಜ್ಞಾನಿಗೂ ಇದು ಬಾಯಿಪಾಠ.

ಬಾಯಿಪಾಠ ಆಗದ ಭಾಗ ಬೇರೆ ಇದೆ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರು ಬರೆದ ಸಂಪುಟ 1895ರದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಂಡೂರಿನ ಬೆಟ್ಟಗಳಲ್ಲಿ ಎಂಥ ಕಬ್ಬಿಣದ ಅದಿರಿದೆ ಎಂದು ಅವರು ಆಗಲೇ ಹೇಳಿದ್ದರು. ಅದೇ ಜಿಲ್ಲೆ ಸುತ್ತುವಾಗ ಗುಡ್ಡಗಳ ಮೇಲಿನ ಶಿಲಾಯುಗದ ಊರು, ಕೊಡಲಿ ಮಾಡುವ ಕಾರ್ಖಾನೆ, ಬೂದಿದಿಬ್ಬಗಳನ್ನೂ ದಾಖಲು ಮಾಡಿದರು. ಅದಿರಿನ ಮಾತನ್ನು ನಾವು ಎಷ್ಟು ಶ್ರದ್ಧೆಯಿಂದ ಓದಿದೆವು ಎನ್ನುವುದಕ್ಕೆ ಸಂಡೂರೇ ಸಾಕ್ಷಿ. ಕೊಡಲಿಯ ಮಾತನ್ನು ಅಷ್ಟು ಶ್ರದ್ಧೆಯಿಂದ ಓದಿದ್ದು ಬೆರಳೆಣಿಕೆಯ ಸಂಶೋಧಕರು ಮಾತ್ರ.

ಅವರು ಕಂಡದ್ದು ಎಂಥದ್ದು ಎನ್ನುವುದಕ್ಕೆ ಒಂದೇ ಗುಡ್ಡ ಸಾಕು. ಬಳ್ಳಾರಿ ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಊರುಗಳ ನಡುವೆ ಗ್ರಾನೈಟ್ ಗುಡ್ಡಗಳ ಸಾಲಿದೆ. ಅದರಲ್ಲಿ ದೊಡ್ಡದು ಹಿರೇಗುಡ್ಡ. ತಿಳಿಬಣ್ಣದ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಕಪ್ಪು ಕಲ್ಲಿನ ಒಂದು ಡೈಕ್, ಅಂದರೆ ಬಿರುಕಿನೊಳಗೆ ಗೋಡೆಯಂತೆ ಗಟ್ಟಿಯಾದ ಪಟ್ಟಿ, ಗುಡ್ಡದ ಮೇಲೆ ಹಾದುಹೋಗುತ್ತದೆ. ನವಶಿಲಾಯುಗದ, ಅಂದರೆ ಬೇಸಾಯ, ದನ ಸಾಕಣೆ ಶುರುವಾದ ಕಾಲದ ಜನಕ್ಕೆ ಬೇಕಾಗಿದ್ದು ಈ ಕಪ್ಪು ಕಲ್ಲು. ಗಟ್ಟಿ, ನುಣ್ಣನೆಯ ಕಣ, ಹೊಡೆದರೆ ಹೇಳಿದ ಹಾಗೆ ಚಕ್ಕೆ ಏಳುತ್ತದೆ.

ಕೊಡಲಿ ಒಂದೇ ಸಲಕ್ಕೆ ಆಗುತ್ತಿರಲಿಲ್ಲ. ಡೈಕಿನಿಂದ ತುಂಡು ಬಿಡಿಸಬೇಕು. ಎರಡೂ ಮುಖದಲ್ಲಿ ಚಕ್ಕೆ ಎಬ್ಬಿಸಿ ಒಂದು ಅಂದಾಜಿನ ಆಕಾರಕ್ಕೆ ತರಬೇಕು. ಉಳಿದ ಏಣುಗಳನ್ನು ಇನ್ನೊಂದು ಕಲ್ಲಿನಿಂದ ಸಣ್ಣಗೆ ಕುಟ್ಟಿ ಕುಟ್ಟಿ ಇಳಿಸಬೇಕು. ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ತಿಕ್ಕಿ ಅಂಚು ಹರಿತ ಮಾಡಬೇಕು. ಎಷ್ಟೋ ಕಲ್ಲು ನಡುವೆಯೇ ಮುರಿಯುತ್ತಿತ್ತು. ಮುರಿದದ್ದನ್ನು ಅಲ್ಲೇ ಎಸೆದರು. ಹೀಗೆ ಪ್ರತಿ ಹಂತದಲ್ಲಿ ಕೆಟ್ಟ ಕೊಡಲಿಗಳು, ಲೆಕ್ಕವಿಲ್ಲದಷ್ಟು ಚಕ್ಕೆಗಳು ಒಂದೇ ಕಡೆ ಬಿದ್ದಿರುವುದನ್ನು ನೋಡಿಯೇ ಇದು ಬರೀ ಊರಲ್ಲ, ಕಾರ್ಖಾನೆ ಎಂದು ಫೂಟ್ ಹೇಳಿದ್ದು. ತಿಕ್ಕಿದ ಜಾಗಗಳು ಬಂಡೆಯ ಮೇಲೆ ಉದ್ದನೆಯ ನುಣುಪು ಕುಳಿಗಳಾಗಿ ಉಳಿದಿವೆ. ಬೆರಳಾಡಿಸಿದರೆ ಸುತ್ತಲಿನ ಒರಟು, ಕುಳಿಯ ನುಣುಪು ಬೇರೆಯೇ ಎಂದು ತಕ್ಷಣ ಗೊತ್ತಾಗುತ್ತದೆ.

ಇದೇ ಡೈಕಿನ ಬಂಡೆಗಳ ಮೇಲೆ ಎತ್ತು, ಹಸು, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳನ್ನು ಇನ್ನೊಂದು ಕಲ್ಲಿನಿಂದ ಹೊಡೆದರೆ ಜಾಗಟೆ ಬಾರಿಸಿದಂತೆ ನಾದ ಬರುತ್ತದೆ. ಹೊಡೆದೂ ಹೊಡೆದೂ ಆದ ಗುಳಿಗಳು ಅವುಗಳ ಮೇಲಿವೆ. ಸಂಶೋಧಕಿ ನಿಕೋಲ್ ಬೊಯ್ವಿನ್ 2004ರಲ್ಲಿ ಇದರ ಬಗ್ಗೆ ಬರೆದಾಗ ಕಲ್ಲುಗಣಿಯಿಂದ ಈ ಜಾಗಕ್ಕೆ ಅಪಾಯವಿದೆ ಎಂದು ಎಚ್ಚರಿಸಿದ್ದರು. ನಾಲ್ಕು ಸಾವಿರ ವರ್ಷದ ಹಿಂದೆ ಕೊಡಲಿಗೆ ಬೇಕಾಗಿದ್ದ ಡಾಲರೈಟನ್ನು ನಮ್ಮ ಕಾಲ 'ಬ್ಲ್ಯಾಕ್ ಗ್ರಾನೈಟ್' ಎಂದು ಪಾಲಿಷ್ ಮಾಡಿ ಮಾರುತ್ತದೆ. ಅಡುಗೆಮನೆ ಕಟ್ಟೆಗೂ ಸಮಾಧಿ ಫಲಕಕ್ಕೂ ಅದಕ್ಕೆ ಬೇಡಿಕೆ. ಒಳ್ಳೆ ಕಲ್ಲಿನ ಆಯ್ಕೆಯಲ್ಲಿ ನಮಗೂ ಅವರಿಗೂ ಅಂಥ ವ್ಯತ್ಯಾಸ ಇಲ್ಲ ಅಲ್ವಾ? ವ್ಯತ್ಯಾಸ ಇರುವುದು ವೇಗದಲ್ಲಿ. ಅವರು ತಲೆಮಾರುಗಟ್ಟಲೆ ಕೆತ್ತಿದ್ದನ್ನು ಒಂದು ಬ್ಲಾಸ್ಟಿಂಗ್ ಮಧ್ಯಾಹ್ನದೊಳಗೆ ಮುಗಿಸಬಲ್ಲದು.

ಬೂದಿದಿಬ್ಬಗಳ ಕಥೆ ಇನ್ನೂ ಸ್ವಾರಸ್ಯ. ಕುಡತಿನಿಯ ಹತ್ತಿರದ ದೊಡ್ಡ ಬೂದಿ ರಾಶಿಯನ್ನು ಭೀಮ ಕೊಂದ ಹಿಡಿಂಬಾಸುರನ ಚಿತೆ ಎಂದು ಜನ ಹೇಳುತ್ತಿದ್ದರು. ಹಂಪಿ ಕಡೆ ಹೋದರೆ ಅಂಥದೇ ರಾಶಿ ವಾಲಿಯ ಚಿತೆ. ಕೆಲವು ಅಧಿಕಾರಿಗಳು ಹಳೆ ಕುಲುಮೆಯ ಕಿಟ್ಟ ಎಂದುಕೊಂಡರು, ಜ್ವಾಲಾಮುಖಿಯವರೆಗೂ ಊಹೆ ಹೋಗಿತ್ತು. ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿರುವುದರಿಂದ ಈ ಗೊಂದಲ. ಫೂಟ್ ಅದನ್ನು ನೋಡಿ, ಇದು ಸುಟ್ಟ ದನದ ಸಗಣಿ, ಇಲ್ಲಿ ದನ ಕೂಡುವ ದೊಡ್ಡಿಗಳಿದ್ದವು ಎಂದರು. ಎಲ್ಲರೂ ಒಪ್ಪಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಇವತ್ತಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೇಲಿಯ ಕಂಬದ ಕುಳಿಗಳ ಜೊತೆಗೆ ದನದ ಗೊರಸಿನ ಗುರುತುಗಳೇ ಸಿಕ್ಕವು. 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದು ದೊಡ್ಡಿಯ ಪಕ್ಕದ ಊರನ್ನೂ ತೋರಿಸಿದರು. ಫೂಟ್ ಅಂದು ನೋಡಿ ಹೇಳಿದ್ದು ನಿಂತಿತು.

ಬೂದಿದಿಬ್ಬಕ್ಕೆ ಬೋರ್ಡು ಇಲ್ಲ, ಗೋಪುರ ಇಲ್ಲ. ರೈತರು ಹೊಲಕ್ಕೆ ಗೊಬ್ಬರವಾಗಿ ಆ ಬೂದಿ ಸಾಗಿಸಿದ್ದು ಇವತ್ತು ನಿನ್ನೆಯ ಮಾತಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಅದು ಏನೆಂದು ನಾವು ಯಾವತ್ತು ಅವರಿಗೆ ಹೇಳಿದೆವು? ರಸ್ತೆ ಕೆಲಸಕ್ಕೂ ದಿಬ್ಬಗಳು ಕರಗಿವೆ.

ಫೂಟ್ ಹಾಕಿಕೊಟ್ಟ ದಾರಿಯಲ್ಲಿ ಯಾರು ಯಾರು ನಡೆದರು ಎನ್ನುವುದನ್ನೂ ಹೇಳಬೇಕು. 1941ರಲ್ಲಿ ಪುರಾತತ್ವಜ್ಞ ಎಚ್.ಡಿ. ಸಾಂಕಳಿಯಾ ಗುಜರಾತಿನಲ್ಲಿ ಶಿಲಾಯುಗ ಹುಡುಕಲು ಹೊರಟಾಗ ಹಿಡಿದದ್ದು ಸಾಬರಮತಿಯಲ್ಲಿ ಫೂಟ್ ಗುರುತಿಸಿದ್ದ ಜಾಗಗಳನ್ನು. ಅವರ ಶಿಷ್ಯ ಬಿ. ಸುಬ್ಬರಾವ್ ಬಳ್ಳಾರಿಯ ಶಿಲಾಯುಗದ ಮೇಲೆ ಪುಸ್ತಕ ಬರೆದದ್ದು 1948ರಲ್ಲಿ, ಸಂಗನಕಲ್ಲಿನ ಅಗೆತ ಅದರ ತಿರುಳು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು, ನಯಗೊಳಿಸಿದ ಕೊಡಲಿಯ ಜನ ಕೆಳಗಿನ ಪದರ, ಕಬ್ಬಿಣದ ಜನ ಅದರ ಮೇಲಿನ ಪದರ ಎಂದು ತೋರಿಸಿದರು. ಅದೇ ಬ್ರಹ್ಮಗಿರಿಯಲ್ಲಿ ವೀಲರ್‌ಗಿಂತ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಅಗೆದಿದ್ದರು. ಅವರ ಹೆಸರು ಅಷ್ಟಾಗಿ ಕೇಳಿಸುವುದಿಲ್ಲ, ಆ ಜಗಳ ಇನ್ನೊಂದು ಪತ್ರಕ್ಕಿರಲಿ. ಇತ್ತೀಚೆಗೆ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲಿನಲ್ಲಿ ಮಣ್ಣು ಜಾಲಾಡಿ, ಸುಟ್ಟ ಕಾಳುಗಳಿಂದ ಆ ಜನ ಏನು ಬೆಳೆದು ಉಣ್ಣುತ್ತಿದ್ದರು ಎನ್ನುವುದನ್ನೂ ಹೊರತೆಗೆದರು: ಹುರುಳಿ, ಹೆಸರು, ಕೊರಲೆ. ಫೂಟ್ ಮೊದಲು ಕಂಡ ಅತ್ತಿರಂಪಾಕ್ಕಂ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ಎಂದು ಶಾಂತಿ ಪಪ್ಪು ತಂಡ 2011ರಲ್ಲಿ ಪ್ರಕಟಿಸಿತು. ಇಷ್ಟು ದೊಡ್ಡ ಸಂಖ್ಯೆಯನ್ನು ಫೂಟ್ ಕನಸಿನಲ್ಲೂ ಊಹಿಸಿರಲಿಕ್ಕಿಲ್ಲ.

ಹಾಗೆಂದು ಅವರನ್ನು ದೇವರು ಮಾಡಬೇಡಿ. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಜನರೇ ಇಲ್ಲದ ದೊಡ್ಡ ಖಾಲಿ ಕಾಲ ಇತ್ತು ಎಂದು ಅವರು ನಂಬಿದ್ದರು. ಸೂಕ್ಷ್ಮ ಶಿಲಾಯುಧಗಳನ್ನು, ಅಂದರೆ ತೀರಾ ಸಣ್ಣ ಕಲ್ಲಿನ ಆಯುಧಗಳನ್ನು ಮಾಡಿದ ಜನ ಆ ನಡುವಿನ ಕಾಲದಲ್ಲಿದ್ದರು ಎಂದು ಆಮೇಲೆ ಗೊತ್ತಾಯಿತು. ಫೂಟ್ ಬಂದದ್ದು ಬ್ರಿಟಿಷ್ ಸರ್ಕಾರಕ್ಕೆ ಇಲ್ಲಿಯ ಖನಿಜ ಲೆಕ್ಕ ಮಾಡಿಕೊಡಲು ಎನ್ನುವುದನ್ನೂ ಮರೆಯಬೇಕಿಲ್ಲ. ಜೀವಮಾನವಿಡೀ ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಮಾರಿದರು, ಸುಮ್ನೆ ಕೊಡಲಿಲ್ಲ. ಆದರೂ ಒಂದು ವಿಷಯಕ್ಕೆ ಅವರಿಗೆ ಕೈ ಮುಗಿಯಬೇಕು: ಸಂಗ್ರಹ ಇಲ್ಲೇ ಉಳಿಯಿತು, ಒಂದೊಂದು ಕಲ್ಲಿಗೂ ನಂಬರ್ ಮತ್ತು ಸಿಕ್ಕ ಊರಿನ ಹೆಸರಿನ ಸಮೇತ. ಅವರು 1912ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸಂಗ್ರಹದ ಸೂಚಿ 1914ರಲ್ಲಿ, ನೆಲೆಗಳ ಕಾಲ ಮತ್ತು ಹರವಿನ ಟಿಪ್ಪಣಿಗಳು 1916ರಲ್ಲಿ ಮದ್ರಾಸ್ ಮ್ಯೂಸಿಯಂನಿಂದ ಅಚ್ಚಾದವು. ಬಳ್ಳಾರಿ, ರಾಯಚೂರು ಸೀಮೆಯಿಂದ ಹಿಡಿದು ಕಾವೇರಿ ದಂಡೆಯ ತಿ. ನರಸೀಪುರದವರೆಗೆ ಇವತ್ತಿನ ಕರ್ನಾಟಕದ ಊರುಗಳ ಹೆಸರು ಅವುಗಳಲ್ಲಿ ಸಾಲು ಸಾಲಾಗಿವೆ.

ನಾನು ಮೊದಲಿಗೆ ಹೇಳಿದ ಪಟ್ಟಿ ಅದು.

ಈಗ ಕಾನೂನಿನ ಮಾತು. ಕೇಂದ್ರದ 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದು, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದಾಯಿತು. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ಒಳ್ಳೆಯದೇ. ಆದರೆ ಈ ಬೇಲಿ ಇರುವುದು ಅಧಿಸೂಚನೆ ಆದ ಜಾಗಕ್ಕೆ ಮಾತ್ರ. ದೇವಸ್ಥಾನ, ಕೋಟೆ ಆದರೆ ಯಾರಾದರೂ ನೋಡಿ ಇದೇನೋ ಹಳೆಯದು ಎನ್ನುತ್ತಾರೆ. ಚಕ್ಕೆ ಕಲ್ಲು ಹರಡಿದ ಇಳಿಜಾರನ್ನೋ ಬೂದಿಯ ದಿಬ್ಬವನ್ನೋ ನೋಡಿ ಹಾಗೆ ಹೇಳುವವರು ಕಮ್ಮಿ. ಕಂದಾಯ ದಾಖಲೆಯಲ್ಲಿ ಅದು ಬರೀ ಸರ್ಕಾರಿ ಗುಡ್ಡ. ಕಟ್ಟಡ ಕಲ್ಲಿಗೋ ಅಲಂಕಾರಿಕ ಕಲ್ಲಿಗೋ ಅರ್ಜಿ ಬಂದರೆ ಕಾಗದದ ಮೇಲೆ ಅಡ್ಡಿಯೇ ಕಾಣುವುದಿಲ್ಲ. ಪುರಾತತ್ವದವರಿಗೆ ಸುದ್ದಿ ತಲುಪುವಷ್ಟರಲ್ಲಿ ಕ್ರಷರ್ ನಿಂತಿರುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಫೂಟ್ ಪಟ್ಟಿಯ ಊರುಗಳನ್ನೂ, ಆಮೇಲಿನ ಸಂಶೋಧಕರು ಸೇರಿಸಿದ ನೆಲೆಗಳನ್ನೂ ನಿಮ್ಮ ಗುತ್ತಿಗೆ ನಕ್ಷೆಯ ಮೇಲೆ ಒಂದು ಪದರವಾಗಿ ಕೂರಿಸಿ. ಮೈಸೂರಿನಲ್ಲಿರುವ ಪುರಾತತ್ವ ಇಲಾಖೆ, ರಾಜ್ಯ ದೂರಸಂವೇದಿ ಕೇಂದ್ರ ಎರಡೂ ನಮ್ಮಲ್ಲೇ ಇವೆ, ಕೈ ಜೋಡಿಸಿದರೆ ಸಾಕು. ಆ ಪದರದೊಳಗೆ ಅರ್ಜಿ ಬಂದರೆ ನಿಮ್ಮ ಭೂವಿಜ್ಞಾನಿಯ ಜೊತೆ ಪುರಾತತ್ವದ ಒಬ್ಬರು ಅದೇ ದಿನ ಸ್ಥಳ ಪರಿಶೀಲನೆಗೆ ಹೋಗಲಿ. ಒಬ್ಬರ ವರದಿ ಇನ್ನೊಬ್ಬರ ಟೇಬಲ್ಲಿಗೆ ತಿಂಗಳುಗಟ್ಟಲೆ ಓಡಾಡುವ ಪದ್ಧತಿ ಬೇಡ. ಪುರಾತತ್ವದವರು ಸಿಗದ ಕಡೆ ನಿಮ್ಮವರೇ ನೋಡಬಲ್ಲರು. ಡಾಲರೈಟ್ ಅವರಿಗೆ ಗೊತ್ತು. ತಾನಾಗಿ ಒಡೆದ ಕಲ್ಲಿಗೂ ಕೈಯಿಂದ ಚಕ್ಕೆ ಎಬ್ಬಿಸಿದ ಕಲ್ಲಿಗೂ ಇರುವ ಫರಕು ತೋರಿಸಿಕೊಡುವುದು ಒಂದು ದಿನದ ತರಬೇತಿ. ಆ ತರಬೇತಿಗೆ ಬಳ್ಳಾರಿಗಿಂತ ಒಳ್ಳೆ ಜಾಗ ಇಲ್ಲ. ಅಲ್ಲಿ ಫೂಟ್ ಹೆಸರಿನದೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ, ಕೊಡಲಿಗಳೂ ಇವೆ. ನೋಡಿಕೊಂಡು ಮಧ್ಯಾಹ್ನ ಹಿರೇಗುಡ್ಡ ಹತ್ತಬಹುದು.

ಕಲ್ಲು ಬೇಡವೇ, ಮನೆ ರಸ್ತೆ ಕಟ್ಟುವುದು ಬೇಡವೇ ಎಂದು ಯಾರಾದರೂ ಕೇಳುತ್ತಾರೆ. ಖಂಡಿತ ಬೇಕು. ಬಂಡೆ ಕೆಲಸದವರ ಹೊಟ್ಟೆಪಾಡೂ ಅದರಲ್ಲಿದೆ, ಅದನ್ನು ಹಗುರಾಗಿ ಮಾತಾಡುವವನು ನಾನಲ್ಲ. ಆದರೆ ಡಾಲರೈಟ್ ಡೈಕುಗಳು ಆ ಸೀಮೆಯಲ್ಲಿ ಒಂದೆರಡಲ್ಲ, ಒಂದೊಂದು ಮೈಲಿಗಟ್ಟಲೆ ಓಡುತ್ತವೆ ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಗ್ರಾನೈಟಿಗಂತೂ ಬರವಿಲ್ಲ. ಗುತ್ತಿಗೆಯ ಗಡಿ ಸ್ವಲ್ಪ ಆಚೆ ಸರಿದರೆ ಜಲ್ಲಿಗೆ ನಷ್ಟವಿಲ್ಲ, ರಾಜಧನಕ್ಕೂ ನಷ್ಟವಿಲ್ಲ. ಕೊಡಲಿ ಕಾರ್ಖಾನೆ ಮಾತ್ರ ಸರಿಯಲಾರದು.

ಯಾವುದೋ ಒಂದು ಕಚೇರಿಯನ್ನೋ ಒಬ್ಬ ಗುತ್ತಿಗೆದಾರರನ್ನೋ ಕಟಕಟೆಗೆ ನಿಲ್ಲಿಸಲು ಇದನ್ನು ಬರೆಯುತ್ತಿಲ್ಲ. ಖನಿಜ ಭವನದಲ್ಲಿ ಫೂಟ್ ಅವರ ಫೋಟೋ ಹಾಕಿ, ಹಾರ ಹಾಕಿ ಎಂದೂ ಕೇಳುತ್ತಿಲ್ಲ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿ ಮಾತ್ರ ಈ ನಕ್ಷೆ ಮಾಡಿ ನೋಡಿ. ಫೂಟ್ ಅವರ 1895ರ ಸಂಪುಟವೂ 1916ರ ಟಿಪ್ಪಣಿಗಳೂ ಅದಕ್ಕೆ ಆಧಾರವಾಗಲಿ. ಒಪ್ಪಿಗೆ ಇದ್ದರೆ ಯಾವ ವಿಭಾಗ ಇದನ್ನು ನೋಡಿಕೊಳ್ಳುತ್ತದೆ ಎಂದು ತಿಳಿಸಿ. ಒಪ್ಪಿಗೆ ಇಲ್ಲದಿದ್ದರೆ ಯಾಕೆ ಎಂಬುದನ್ನು ಸಾರ್ವಜನಿಕವಾಗಿಯೇ ಬರೆಯಿರಿ, ಉತ್ತರ ಕೊಡಲು ನಮ್ಮಂಥವರು ತಯಾರಿದ್ದೇವೆ.

ಇತಿ,
ಬಳ್ಳಾರಿ ಸೀಮೆಯ ಒಬ್ಬ ನಾಗರಿಕ

ಪ್ರತಿ: ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಮೈಸೂರು, ಜಿಲ್ಲಾಧಿಕಾರಿಗಳು, ಬಳ್ಳಾರಿ